ಟೈಲರ್ ಮಾಸ್ಟರು ಬೀದಿಯ ಅಳತೆ ತೆಗೆದದ್ದು

ಮನುಷ್ಯನ ಮೈ ಅಳೆಯಬಲ್ಲವನು ಭೂಮಿಯನ್ನೂ ಅಳೆಯಬಲ್ಲ ಎಂದು ಎಲ್ಲಿಯೂ ಬರೆದಿಲ್ಲ. ಆದರೆ ನಮ್ಮ ಟೈಲರ್ ಮಾಸ್ಟರಿಗೆ ಬರೆಯದೆ ಇರುವುದನ್ನು ಓದುವ ಅಭ್ಯಾಸ ಮೊದಲಿನಿಂದಲೂ ಇತ್ತು. ಬರೆದದ್ದನ್ನು ಓದುವ ಅಭ್ಯಾಸ ಮಾತ್ರ ಅಷ್ಟಾಗಿ ಇರಲಿಲ್ಲ.

ಅವರದು ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿಯಲ್ಲಿ ಎರಡು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಗಿರಾಕಿಗಳು ತಮ್ಮನ್ನು ತಾವು ನೋಡಿಕೊಂಡು ಧೈರ್ಯಗೆಡಲು ಒಂದು ಆಳುದ್ದದ ಕನ್ನಡಿ. ಮಾಸ್ಟರ ಕೊರಳಲ್ಲಿ ಸದಾ ಅಳತೆ ಟೇಪು, ಕಿವಿಯ ಮೇಲೆ ಪೆನ್ಸಿಲು, ಜೇಬಿನಲ್ಲಿ ಚಾಕಿನ ಬಿಲ್ಲೆ. ಕೈ ಚೆನ್ನಾಗಿ ಓಡುತ್ತಿತ್ತು. ಬಾಯಿ ಅದಕ್ಕಿಂತ ಚೆನ್ನಾಗಿ ಓಡುತ್ತಿತ್ತು. ಅವರಿಗೆ ಜೀವನದಲ್ಲಿ ಬಂದ ತೊಂದರೆಗಳೆಲ್ಲ ಈ ಎರಡನೆಯದರಿಂದಲೇ ಬಂದವು.

ಒಂದು ಶನಿವಾರ ಅವರು ಕ್ಷೌರದಂಗಡಿಯಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದಾಗ ಪಕ್ಕದ ಕುರ್ಚಿಯಲ್ಲಿದ್ದ ಕಿರಾಣಿ ಅಂಗಡಿಯಾತ ದೊಡ್ಡದಾಗಿ ಆಕಳಿಸಿದ.

"ಎರಡು ದಿನದಿಂದ ಕಣ್ಣು ಮುಚ್ಚಿಲ್ಲ ಮಾಸ್ಟ್ರೇ. ಮಗನಿಗೆ ಸಮಾಜ ವಿಜ್ಞಾನದಲ್ಲಿ ಪ್ರಾಜೆಕ್ಟು ಕೊಟ್ಟಿದಾರೆ. ಥರ್ಮಾಕೋಲಲ್ಲಿ ಅಣೆಕಟ್ಟು ಕಟ್ಟಿ ಕಟ್ಟಿ ಬೆರಳೆಲ್ಲ ಅಂಟು."

ಮಾಸ್ಟರು ನಕ್ಕರು. ನೊರೆ ಹಾರಿ ಕ್ಷೌರಿಕನ ಮೇಲೆ ಬಿತ್ತು.

"ನಾಚಿಕೆ ಆಗಲ್ವೇನಯ್ಯ? ಮಗನ ಹೋಮ್‌ವರ್ಕು ಅಪ್ಪ ಮಾಡೋದಾ? ನಮ್ಮ ಹುಡುಗಿ ನೋಡು, ಅದೇ ಕ್ಲಾಸು. ಇವತ್ತಿನವರೆಗೂ ಅವಳ ಪುಸ್ತಕದ ಒಂದು ಹಾಳೆ ನಾನು ತಿರುವಿಲ್ಲ. ಅಷ್ಟಕ್ಕೂ ಅದೂ ಒಂದು ವಿಜ್ಞಾನಾನಾ? ಸಮಾಜ ಅಂದ್ರೆ ಏನು? ನಾವು ನಾಲ್ಕು ಜನ ಸೇರಿದ್ರೆ ಸಮಾಜ. ಅದಕ್ಕೊಂದು ಪುಸ್ತಕ, ಅದಕ್ಕೊಂದು ಪರೀಕ್ಷೆ! ನಾನೇನಾದ್ರೂ ಮಗಳ ಹೋಮ್‌ವರ್ಕ್ ಮಾಡೋದು ಕಂಡ್ರೆ ಈ ಮೀಸೆ ಬೋಳಿಸ್ಕೊಂಡು ಬೀದೀಲಿ ಓಡಾಡ್ತೀನಿ."

ಕ್ಷೌರಿಕ ಕತ್ತಿಯನ್ನು ಮೀಸೆಯ ಹತ್ತಿರ ತಂದು ಒಮ್ಮೆ ಆಸೆಯಿಂದ ನೋಡಿ, ಸುಮ್ಮನಾದ.

ಮಾಸ್ಟರು ನುಣ್ಣನೆ ಕೆನ್ನೆ ಸವರಿಕೊಳ್ಳುತ್ತ ಮನೆಗೆ ಬಂದರೆ ಮಗಳು ಕಾಲಿಗೆ ಬಟ್ಟೆ ಸುತ್ತಿಕೊಂಡು ಮಂಚದ ಮೇಲೆ ಕೂತಿದ್ದಾಳೆ. ಶಾಲೆಯ ಆಟದ ಬಯಲಿನಲ್ಲಿ ಬಿದ್ದು ಪಾದ ಉಳುಕಿತ್ತು. ಕಣ್ಣಲ್ಲಿ ನೀರು. ಆದರೆ ಆ ನೀರು ಪಾದದ್ದಲ್ಲ.

"ಅಪ್ಪಾ, ಸೋಮವಾರ ಸೋಷಿಯಲ್ ಮೇಡಂಗೆ ಪ್ರಾಜೆಕ್ಟ್ ಕೊಡ್ಬೇಕು. ಒಬ್ಬೊಬ್ಬರಿಗೆ ಒಂದೊಂದು ಕೊಟ್ಟಿದಾರೆ. ನಾನು ನಮ್ಮ ಬೀದೀದು ನಕ್ಷೆ ಬರೀಬೇಕು. ಯಾವ ಮನೆ ಎಲ್ಲಿದೆ, ಚರಂಡಿ ಎಲ್ಲಿದೆ, ದೀಪದ ಕಂಬ ಎಲ್ಲಿದೆ, ಎಲ್ಲಾ ಅಳೆದು ಹಾಕ್ಬೇಕು. ಪ್ರಮಾಣ ಇರ್ಬೇಕು, ದಿಕ್ಕು ಇರ್ಬೇಕು, ಚಿಹ್ನೆಗಳಿರ್ಬೇಕು. ಜೊತೆಗೆ ಇಲ್ಲಿನ ಜನ ಹೇಗೆ ಬದುಕ್ತಾರೆ ಅಂತ ಒಂದು ವರದಿ. ನಾನು ಹೇಗಪ್ಪಾ ಬೀದಿ ಅಳೀಲಿ?"

ಮಾಸ್ಟರಿಗೆ ಕ್ಷೌರದಂಗಡಿಯ ಮಾತು ನೆನಪಾಯಿತು. ಕೈ ತಾನಾಗಿ ಮೀಸೆಗೆ ಹೋಯಿತು. ಆದರೆ ಮಗಳ ಮೂಗಿನ ತುದಿ ಕೆಂಪಾಗಿದ್ದದ್ದನ್ನು ನೋಡಿದ ಮೇಲೆ ಯಾವ ತಂದೆಗೆ ಮೀಸೆ ಮುಖ್ಯವಾದೀತು?

"ಅಳೋದು ನಿಲ್ಲಿಸು ಪುಟ್ಟಿ. ಊರಿನ ಹೊಟ್ಟೆಗಳನ್ನೆಲ್ಲ ಅಳೆದವನಿಗೆ ಒಂದು ಬೀದಿ ಏನು ಮಹಾ? ನಾಳೆ ಬೆಳಗ್ಗೆ ನಾನು ಅಳತೆ ತೆಗೀತೀನಿ. ನೀನು ಬರ್ಕೋ. ಆದ್ರೆ ಒಂದು ಮಾತು. ಯಾರಿಗೂ ಗೊತ್ತಾಗಬಾರದು."

ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. "ನಡುಬೀದೀಲಿ ನಿಂತು ಟೇಪ್ ಹಿಡೀತೀರ, ಯಾರಿಗೂ ಗೊತ್ತಾಗಬಾರದು ಅಂತೀರ. ಚೆನ್ನಾಗಿದೆ ರೀ."

"ನಿನಗೆ ಇದೆಲ್ಲ ತಿಳಿಯಲ್ಲ ಬಿಡೇ," ಎಂದರು ಮಾಸ್ಟರು. ಉತ್ತರ ಹೊಳೆಯದಾಗ ಅವರು ಕೊಡುತ್ತಿದ್ದ ಉತ್ತರ ಅದು.

ಭಾನುವಾರ ಬೆಳಗ್ಗೆ ಬೀದಿ ಇನ್ನೂ ಪೂರ್ತಿ ಕಣ್ಣು ಬಿಟ್ಟಿರಲಿಲ್ಲ. ಮಾಸ್ಟರು ಬಟ್ಟೆಯ ಟೇಪು ಬಿಚ್ಚಿ ನೆಲಕ್ಕೆ ಹಾಸಿದರು. ಸೊಂಟಕ್ಕೆ ಸುತ್ತಿದಾಗ ಅದು ಸಾಕಷ್ಟು ಉದ್ದವಾಗಿಯೇ ಕಾಣುತ್ತಿತ್ತು. ಬೀದಿಯ ಮೇಲೆ ಮಲಗಿಸಿದಾಗ ಹಲ್ಲಿಯ ಬಾಲದಷ್ಟಾಯಿತು. ಆದರೂ ಎದೆಗುಂದಲಿಲ್ಲ. ಟೇಪು ಮುಗಿದಲ್ಲೆಲ್ಲ ಪಕ್ಕದ ಗೋಡೆಗೆ ಚಾಕಿನಿಂದ ಒಂದು ಗೀಟು ಎಳೆದು, 'ಕಟ್' ಎಂದು ಬರೆದು ಮುಂದೆ ಸರಿದರು.

ಸ್ವಲ್ಪ ಹೊತ್ತಿಗೆ ಕೆಲಸ ಕೈಗೆ ಹತ್ತಿತು. ಹತ್ತಿದ್ದೇ ತಡ, ಅವರೊಳಗಿನ ಟೈಲರು ಎದ್ದು ಕೂತ. ಬೀದಿಗೂ ಒಂದು ಮೈಕಟ್ಟು ಇದೆ ಎಂದು ಅವರಿಗೆ ಅವತ್ತೇ ತಿಳಿದದ್ದು. ಕಿರಾಣಿ ಅಂಗಡಿಯ ಮುಂದೆ ಬೀದಿ ಅಗಲ. ಅದು ಎದೆ. ಗೋಡೆಗೆ 'ಎ' ಎಂದು ಬರೆದರು. ಕ್ಷೌರದಂಗಡಿಯ ಹತ್ತಿರ ಕಿರಿದು. ಅದು ಸೊಂಟ. ಅಲ್ಲಿ 'ಸೊ' ಎಂದು ಬರೆದರು. ನಿವೃತ್ತ ಪೋಸ್ಟ್ ಮಾಸ್ಟರ ಮನೆಯ ಪಕ್ಕದಲ್ಲಿ ಒಂದು ಓಣಿ ಕವಲೊಡೆಯುತ್ತಿತ್ತು. ಅದು ತೋಳಲ್ಲದೆ ಮತ್ತೇನು? ಆ ಮನೆಯ ಬಿಳಿ ಕಾಂಪೌಂಡಿನ ಮೇಲೆ ದೊಡ್ಡದಾಗಿ 'ತೋ' ಎಂದು ಬರೆಯುತ್ತಿದ್ದಾಗ ಹಿಂದಿನಿಂದ ಕೆಮ್ಮು ಕೇಳಿಸಿತು.

ಪೋಸ್ಟ್ ಮಾಸ್ಟರು ಗುಲಾಬಿ ಗಿಡಗಳಿಗೆ ನೀರು ಹಾಕುವ ಡಬ್ಬ ಹಿಡಿದು ನಿಂತಿದ್ದರು.

"ಏನ್ರೀ ಮಾಸ್ಟ್ರೇ ಇದು, ಭಾನುವಾರ ಬೆಳಗ್ಗೇನೇ?"

ಮಾಸ್ಟರು ತಬ್ಬಿಬ್ಬಾದರು. ಹೋಮ್‌ವರ್ಕು ಎನ್ನುವಂತಿಲ್ಲ. ಕಿರಾಣಿಯವನ ಕಿವಿಗೆ ಬಿದ್ದರೆ ಮೀಸೆ ಗೋವಿಂದ. ತಲೆ ಎತ್ತಿ ನೋಡಿದರೆ ಮಹಡಿಯ ಕಿಟಕಿಯ ಪರದೆಯ ಹಿಂದೆ ಮಗಳ ನೆರಳು. ಹೆಬ್ಬೆರಳನ್ನು ಆಕಾಶದ ಕಡೆ ತೋರಿಸಿ, ಸುಳ್ಳನ್ನೂ ಹೇಳದೆ ನಿಜವನ್ನೂ ಹೇಳದೆ, ದನಿ ತಗ್ಗಿಸಿ ಅಂದರು:

"ಮೇಲಿಂದ ಬಂದಿರೋ ಕೆಲಸ ಸಾರ್. ಜಾಸ್ತಿ ಕೇಳಬೇಡಿ."

ಪೋಸ್ಟ್ ಮಾಸ್ಟರು ಜೀವಮಾನವೆಲ್ಲ ಸರ್ಕಾರಿ ಕೆಲಸ ಮಾಡಿದವರು. 'ಮೇಲಿಂದ' ಎಂಬ ಮಾತಿಗೆ ಅವರಿಗೆ ಒಂದೇ ಅರ್ಥ ಗೊತ್ತಿತ್ತು. ನೀರಿನ ಡಬ್ಬ ಅಲ್ಲೇ ಇಟ್ಟು ಒಳಗೆ ಹೋದರು. ಕನ್ನಡಕ ಹಾಕಿಕೊಂಡು ಹೊರಗೆ ಬಂದರು.

ಮಾಸ್ಟರು ಅಂಗಡಿಗೆ ಮರಳಿ ಕಂದುಕಾಗದ ಹರಡಿಕೊಂಡು ನಕ್ಷೆ ಬರೆಯಲು ಕೂತ ಹೊತ್ತಿಗೆ ಪೋಸ್ಟ್ ಮಾಸ್ಟರು ಬೀದಿಯ ಎರಡೂ ಬದಿಯ ಗೋಡೆಗಳನ್ನು ಓದಿ ಮುಗಿಸಿದ್ದರು. ಕಿರಾಣಿ ಅಂಗಡಿಯ ಮುಂದೆ ಸೇರಿದ ನಾಲ್ಕು ಜನಕ್ಕೆ ಅರ್ಥ ಬಿಡಿಸಿ ಹೇಳುತ್ತಿದ್ದರು.

"ರಸ್ತೆ ಅಗಲ ಮಾಡ್ತಾರೆ. ಅನುಮಾನವೇ ಇಲ್ಲ. 'ಕಟ್' ಅಂತ ಬರೆದಿದೆಯಲ್ಲ, ಅಲ್ಲಿಗೆ ಕತ್ತರಿಸ್ತಾರೆ. 'ತೋ' ಅಂದ್ರೆ ತೋಡೋದು. ನಮ್ಮ ಮನೆ ಪಕ್ಕ ಗುಂಡಿ ಖಂಡಿತ."

"ನನ್ನ ಗೋಡೇಲಿ 'ಸೊ' ಅಂತಿದೆ ಸಾರ್," ಎಂದ ಕ್ಷೌರಿಕ.

"ಸೊತ್ತು ಮುಟ್ಟುಗೋಲು."

"ಅಯ್ಯೋ! ನನ್ನ ಹತ್ರ ಇರೋದೇ ಎರಡು ಕುರ್ಚಿ!"

ಕಿರಾಣಿಯಾತ ಹೆದರುತ್ತ ಹೆದರುತ್ತ ತನ್ನ ಗೋಡೆ ತೋರಿಸಿದ. "ನಂದು 'ಎ'..."

ಪೋಸ್ಟ್ ಮಾಸ್ಟರು ಅವನ ಹೆಗಲ ಮೇಲೆ ಕೈಯಿಟ್ಟರು. "ಎತ್ತಂಗಡಿ ಕಣಯ್ಯ."

ಮಧ್ಯಾಹ್ನ ಈ ಮೂವರೂ ನಿಯೋಗವಾಗಿ ಟೈಲರಂಗಡಿಗೆ ಬಂದರು. ಕಿರಾಣಿಯವನನ್ನು ಕಂಡೊಡನೆ ಮಾಸ್ಟರು ನಕ್ಷೆಯ ಮೇಲೆ ಯಾರದೋ ಕೋಟು ಎಳೆದು ಮುಚ್ಚಿದರು. ಮುಚ್ಚಿದ್ದನ್ನು ಮೂವರೂ ನೋಡಿದರು.

"ಮಾಸ್ಟ್ರೇ, ನಮಗೆಲ್ಲ ವಿಷಯ ಗೊತ್ತಾಯ್ತು," ಎಂದ ಕಿರಾಣಿಯಾತ.

ಮಾಸ್ಟರು ಕೋಟನ್ನು ಇನ್ನಷ್ಟು ಎಳೆದರು. "ಯಾರು ಹೇಳಿದ್ರು?"

"ಗೋಡೆಗಳೇ ಹೇಳ್ತಾ ಇವೆಯಲ್ಲ."

"ನೋಡಿ, ಕೈ ಮುಗೀತೀನಿ, ಇದನ್ನ ದೊಡ್ಡದು ಮಾಡಬೇಡಿ. ನನ್ನ ಮರ್ಯಾದೆ ಪ್ರಶ್ನೆ. ಸೋಮವಾರದೊಳಗೆ ಮುಗಿಸ್ಲೇಬೇಕು. ಇಲ್ದಿದ್ರೆ ಮೇಡಂ ಬಿಡಲ್ಲ."

"ಮೇಡಂ?" ಪೋಸ್ಟ್ ಮಾಸ್ಟರು ಉಳಿದವರತ್ತ ತಿರುಗಿದರು. "ಹೊಸದಾಗಿ ಬಂದಿರೋ ಅಧಿಕಾರಿ ಇರಬೇಕು."

"ಹೊಸಬರೇ. ಭಾಳ ಸ್ಟ್ರಿಕ್ಟು. ಒಂದು ಗೆರೆ ಆ ಕಡೆ ಈ ಕಡೆ ಆದ್ರೂ ಹರಿದು ಹಾಕ್ತಾರಂತೆ."

ಕಿರಾಣಿಯಾತ ಒಂದು ಹೆಜ್ಜೆ ಮುಂದೆ ಬಂದ. "ನಮ್ಮಂಗಡಿ ಎಷ್ಟು ಹೋಗುತ್ತೆ ಮಾಸ್ಟ್ರೇ?"

ನಕ್ಷೆಯಲ್ಲಿ ತನ್ನ ಅಂಗಡಿ ಹೇಗೆ ಬಂದಿದೆ ಎಂದು ಕೇಳುತ್ತಿದ್ದಾನೆ, ಗೇಲಿ ಮಾಡುವ ಹಾಗೆ ಕಾಣುವುದಿಲ್ಲ ಎಂದು ಮಾಸ್ಟರಿಗೆ ಸ್ವಲ್ಪ ಸಮಾಧಾನವಾಯಿತು. "ನಿಮ್ಮದು ಮುಂಭಾಗ ಪೂರ್ತಿ ತೆಗೆದುಬಿಟ್ಟೆ. ಜಾಗ ಸಾಲ್ಲಿಲ್ಲ. ಹಿಂದಿನ ಗೋಡೌನು ಉಳಿಸಿದೀನಿ."

"ಗೋಡೌನಿನೊಳಗೆ ಕೂತು ಯಾರಿಗೆ ವ್ಯಾಪಾರ ಮಾಡ್ಲಿ ನಾನು?"

"ನನ್ನ ಗುಲಾಬಿ?" ಎಂದರು ಪೋಸ್ಟ್ ಮಾಸ್ಟರು, ಆಸ್ಪತ್ರೆಯಲ್ಲಿ ಸಂಬಂಧಿಕರನ್ನು ವಿಚಾರಿಸುವ ದನಿಯಲ್ಲಿ.

"ಅದರ ಮೇಲೆ ಚರಂಡಿ ಹೋಯ್ತು ಸಾರ್. ಬೇಕು ಅಂತ ಮಾಡಿದ್ದಲ್ಲ. ಕೈ ಜಾರಿತು."

"ಕೈ ಜಾರಿತಾ!"

"ಆಗುತ್ತೆ ಸಾರ್. ಇವರ ಕ್ಷೌರದಂಗಡೀನೂ ಹಾಗೇ, ಟೀ ಲೋಟ ಇಟ್ಟೆ, ಅರ್ಧ ತೊಳೆದುಹೋಯ್ತು."

ಕ್ಷೌರಿಕ ಅಲ್ಲಿದ್ದ ಸ್ಟೂಲಿನ ಮೇಲೆ ಕುಸಿದ. ಕಿರಾಣಿಯಾತ ಕೊನೆಯ ಪ್ರಶ್ನೆ ಕೇಳಿದ. "ಪಾಪ, ಮೂಲೆಮನೆ ಅಜ್ಜೀದು?"

ಮೂಲೆಮನೆ ಟೈಲರಂಗಡಿಗೆ ಅಂಟಿಕೊಂಡೇ ಇತ್ತು. ಅಜ್ಜಿ ಅಲ್ಲಿ ಒಬ್ಬಂಟಿ.

"ಅದನ್ನ ಬರೆದೇ ಇಲ್ಲ," ಎಂದರು ಮಾಸ್ಟರು ಸಹಜವಾಗಿ. "ನಮ್ಮಂಗಡಿ ಸ್ವಲ್ಪ ದೊಡ್ಡದಾಗಿ, ಅಂದವಾಗಿ ಬರಲಿ ಅಂತ ಅಜ್ಜಿ ಮನೆ ಬಿಟ್ಟುಬಿಟ್ಟೆ. ಅವರಿಗೇನು, ಕಣ್ಣು ಸರಿಯಾಗಿ ಕಾಣಲ್ಲ, ಗೊತ್ತೂ ಆಗಲ್ಲ."

ಮೂವರೂ ಒಂದೂ ಮಾತಾಡದೆ ಎದ್ದು ಹೋದರು. 'ಒಳ್ಳೆಯವರು, ಗುಟ್ಟು ಕಾಯ್ತಾರೆ' ಎಂದುಕೊಂಡು ಮಾಸ್ಟರು ಪೆನ್ಸಿಲಿಗೆ ಮೊನೆ ಮಾಡಿದರು.

ಮುಂದಿನ ಒಂದು ಗಂಟೆಯಲ್ಲಿ ಅವರ ಬಾಳಿನಲ್ಲಿ ಎಂದೂ ಕಾಣದ ಗೌರವವನ್ನು ಮಾಸ್ಟರು ಕಂಡರು. ಕಂಡಕಂಡವರು ನಮಸ್ಕರಿಸಿದರು. ಪ್ಯಾಂಟು ಬಿಗಿಯಾಯಿತೆಂದು ಜಗಳ ಕಾಯ್ದಿದ್ದ ಬಸ್ ಕಂಡಕ್ಟರು ಬಂದು, ತಪ್ಪು ಪ್ಯಾಂಟಿನದಲ್ಲ, ತನ್ನ ಹೊಟ್ಟೆಯದೇ ಎಂದು ಒಪ್ಪಿಕೊಂಡ. ಹೋಗುವಾಗ ಬಾಗಿಲಲ್ಲಿ ನಿಂತು, "ಗೆರೆ ಒಂಚೂರು ಎದುರು ಮನೆ ಕಡೆ ವಾಲಲಿ ಮಾಸ್ಟ್ರೇ," ಎಂದು ಪಿಸುಗುಟ್ಟಿದ. ಎದುರು ಮನೆಯವರೂ ಬಂದರು. ಅವರಿಗೆ ಗೆರೆ ಕಂಡಕ್ಟರ ಮನೆಯ ಕಡೆ ವಾಲಬೇಕಿತ್ತು. ಮಗಳ ಪ್ರಾಜೆಕ್ಟಿನ ಬಗ್ಗೆ ಬೀದಿಗೆ ಇಷ್ಟೊಂದು ಕಾಳಜಿಯೇ ಎಂದು ಮಾಸ್ಟರು ಹಿಗ್ಗಿಹೋದರು.

ಆಮೇಲೆ ಮೂಲೆಮನೆ ಅಜ್ಜಿ ಬಂದರು.

ಒಂದು ಹಳೆಯ ತಗಡಿನ ಟ್ರಂಕನ್ನು ಎಳೆದುಕೊಂಡು ಬಂದರು. ಅದನ್ನು ಅಂಗಡಿಯ ಮೆಟ್ಟಿಲ ಮೇಲಿಟ್ಟು ಅದರ ಮೇಲೆ ಕೂತರು. ಟ್ರಂಕಿನ ಮೇಲೆ ಒಂದು ತಲೆದಿಂಬು, ಒಂದು ಗಡಿಯಾರ.

"ಏನಜ್ಜಿ ಇದು? ಎಲ್ಲಿಗೆ ಹೊರಟ್ರಿ?"

"ಎಲ್ಲಿಗೆ ಹೋಗಲಪ್ಪ? ನೀನೇ ಹೇಳು. ನಿನ್ನಂಗಡಿ ದೊಡ್ಡದು ಮಾಡೋಕೆ ನನ್ನ ಮನೆ ತೆಗೆಸಿದೀಯಂತೆ. ಒಳ್ಳೇದಾಗಲಿ. ಬುಲ್ಡೋಜರು ಬರೋ ಮುಂಚೆ ನಾನೇ ಬಂದುಬಿಟ್ಟೆ. ಆ ಸದ್ದು ನನ್ನ ಕೈಲಿ ಕೇಳೋಕಾಗಲ್ಲ."

ಮಾಸ್ಟರಿಗೆ ತಲೆಬುಡ ತಿಳಿಯಲಿಲ್ಲ. ಬುಲ್ಡೋಜರು? ಅಷ್ಟರಲ್ಲಿ ಹೆಂಡತಿ ಮೆಟ್ಟಿಲಿಳಿದು ಬಂದಳು. ತರಕಾರಿ ತರಲು ಹೋಗಿ ಬೀದಿಯ ಸುದ್ದಿಯನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಬಂದಿದ್ದಳು.

"ರೀ, ನೀವು ರಸ್ತೆ ಅಗಲ ಮಾಡೋಕೆ ಮನೆಗಳನ್ನೆಲ್ಲ ಒಡೆಸ್ತಿದೀರಂತೆ. ಬೀದಿಗೆ ಬೀದಿಯೇ ಹೇಳ್ತಿದೆ. ನೀವು ಹೋಮ್‌ವರ್ಕ್ ಮಾಡ್ತಿದೀನಿ ಅಂದಿದ್ರೆ ಒಂದು ಮೀಸೆ ಹೋಗ್ತಿತ್ತು. ಈಗ ನೋಡಿ, ಈ ವಯಸ್ಸಾದವರು ಮನೆ ಬಿಟ್ಟು ಟ್ರಂಕಿನ ಮೇಲೆ ಕೂತಿದಾರೆ. ಹೊರಗೆ ಹೋಗಿ ಎಲ್ಲರ ಮುಂದೆ ನಿಜ ಹೇಳ್ತೀರೋ, ಇಲ್ಲ ನಾನೇ ಹೇಳಲೋ?"

ಮಾಸ್ಟರು ಅಜ್ಜಿಯ ಕಡೆ ನೋಡಿದರು. ಅಜ್ಜಿ ಗಡಿಯಾರವನ್ನು ಸೆರಗಿನಿಂದ ಒರೆಸುತ್ತಿದ್ದರು. ಬೆಳಗಿನಿಂದ ನಡೆದದ್ದೆಲ್ಲ ಒಂದೊಂದಾಗಿ ಮಾಸ್ಟರ ತಲೆಯೊಳಗೆ ಇಳಿಯಿತು. ಗೋಡೌನು, ಗುಲಾಬಿ, ಟೀ ಲೋಟ. ನಕ್ಷೆಯನ್ನು ಕೈಯಲ್ಲಿ ಹಿಡಿದು, ಮೀಸೆಗೆ ಮನಸ್ಸಿನಲ್ಲೇ ವಿದಾಯ ಹೇಳಿ, ಹೊರಗೆ ಕಾಲಿಟ್ಟರು.

ಕಾಲಿಟ್ಟದ್ದು ಸರಿಯಾಗಿ ವಾರ್ಡ್ ಮೆಂಬರು ಜೀಪಿನಿಂದ ಇಳಿದ ಗಳಿಗೆಯಲ್ಲಿ.

ಮೆಂಬರಿಗೆ ಫೋನಿನ ಮೇಲೆ ಫೋನು ಹೋಗಿತ್ತು. ತನ್ನ ವಾರ್ಡಿನಲ್ಲಿ ತನಗೇ ತಿಳಿಯದೆ ಒಂದು ಯೋಜನೆ ಹೊರಟಿದೆ ಎಂಬುದು ಅವರಿಗೆ ಸಿಡಿಲೆರಗಿದಂಥ ಸುದ್ದಿ. ಗೊತ್ತಿಲ್ಲ ಎಂದರೆ ಮೆಂಬರಿಕೆಗೆ ಅವಮಾನ. ಜೀಪಿನ ಬಾನೆಟ್ಟಿಗೆ ಒರಗಿ ದನಿ ಏರಿಸಿದರು.

"ಬಂಧುಗಳೇ! ಈ ರಸ್ತೆ ಅಗಲೀಕರಣ ನನ್ನ ಎಷ್ಟೋ ವರ್ಷದ ಕನಸು. ಹಗಲಿರುಳು ಓಡಾಡಿ ನಾನೇ ಮಂಜೂರು ಮಾಡಿಸಿದ ಯೋಜನೆ."

ಜನರ ಗುಂಪಿನಿಂದ ಎಂಥದೋ ಗುರುಗುಟ್ಟುವ ಶಬ್ದ ಬಂತು. ಕಿರಾಣಿಯಾತ ಒಂದು ಕುಂಬಳಕಾಯಿ ಎತ್ತಿಕೊಂಡಿದ್ದ. ಮಾರಲು ಎತ್ತಿದ ಹಾಗೆ ಕಾಣಲಿಲ್ಲ.

"...ಎಂದು ಕೆಲವರು ಅಪಪ್ರಚಾರ ಮಾಡ್ತಿದಾರೆ!" ಎಂದರು ಮೆಂಬರು, ಉಸಿರೂ ಬಿಡದೆ. "ನಾನು ಈ ಯೋಜನೆಯನ್ನ ಮೊದಲ ದಿನದಿಂದ ವಿರೋಧಿಸಿದವನು. ನನ್ನ ಹೆಣದ ಮೇಲೆ ರಸ್ತೆ ಮಾಡಲಿ!"

ಚಪ್ಪಾಳೆ ಬಿತ್ತು. ಕುಂಬಳಕಾಯಿ ಕೆಳಗಿಳಿಯಿತು.

ಮೆಂಬರು ಕರೆಸಿದ ಪುರಸಭೆಯ ಇಂಜಿನಿಯರು ಸ್ಕೂಟರಿನಲ್ಲಿ ಬಂದರು. ಅವರಿಗೂ ಏನೂ ಗೊತ್ತಿರಲಿಲ್ಲ. ಆದರೆ ಗೋಡೆಯ ಮೇಲೆ ಗೀಟಿದೆ, ಕಂದುಕಾಗದದ ಮೇಲೆ ನಕ್ಷೆಯಿದೆ, ಮೆಂಬರು ಯೋಜನೆಯನ್ನು ವಿರೋಧಿಸಿಯೂ ಆಗಿದೆ. ಇಷ್ಟೆಲ್ಲ ಆದಮೇಲೆ ಅಂಥದ್ದು ಇಲ್ಲ ಎಂದರೆ, ಕಚೇರಿಯಲ್ಲಿ ಕೂತು ನಿದ್ದೆ ಮಾಡ್ತಿದ್ದೆಯಾ ಎಂದು ಕೇಳುತ್ತಾರೆ. ನಕ್ಷೆಯನ್ನು ಇಸಿದುಕೊಂಡು, ಒಮ್ಮೆ ನೇರ ಹಿಡಿದು, ಒಮ್ಮೆ ತಲೆಕೆಳಗು ಹಿಡಿದು, ತಲೆಕೆಳಗೇ ಸರಿಯೆಂದು ತೀರ್ಮಾನಿಸಿದರು.

"ಹೂಂ. ಇದು ನಮ್ಮ ಗಮನದಲ್ಲಿದೆ. ಪರಿಶೀಲನೆ ಹಂತದಲ್ಲಿರೋ ನಕ್ಷೆ ಇದು. ಈ ಚುಕ್ಕಿ ಗೆರೆ ಏನು, ನೀರಿನ ಪೈಪಾ?"

"ಅಲ್ಲ ಸಾರ್, ಕಚ್ಚಾ ಹೊಲಿಗೆ," ಎಂದರು ಮಾಸ್ಟರು. "ಕೈ ಅಭ್ಯಾಸ. ಗೆರೆ ಎಳೆದರೆ ಪಕ್ಕದಲ್ಲಿ ಹೊಲಿಗೆ ಗುರುತು ಬಂದುಬಿಡುತ್ತೆ. ಸಾರ್, ನನ್ನ ಮಾತು ಕೇಳಿ. ಎಲ್ಲರೂ ಕೇಳಿ. ಯೋಜನೆಯೂ ಇಲ್ಲ, ಗೀಜನೆಯೂ ಇಲ್ಲ. ಇದು ನನ್ನ ಮಗಳ ಸಮಾಜ ವಿಜ್ಞಾನದ ಹೋಮ್‌ವರ್ಕು. ಮೇಲಿಂದ ಅಂದದ್ದು ನಮ್ಮ ಮಹಡಿಯಿಂದ. ಮೇಡಂ ಅಂದದ್ದು ಅವಳ ಟೀಚರನ್ನ. 'ಎ' ಅಂದ್ರೆ ಎದೆ, 'ಸೊ' ಅಂದ್ರೆ ಸೊಂಟ, 'ತೋ' ಅಂದ್ರೆ ತೋಳು. ಹೋಮ್‌ವರ್ಕ್ ಮಾಡ್ತೀನಿ ಅಂತ ಒಪ್ಪಿಕೊಳ್ಳೋಕೆ ನಾಚಿಕೆಯಾಗಿ ಸುಮ್ಮನಿದ್ದೆ. ತಪ್ಪಾಯ್ತು. ಬೇಕಾದ್ರೆ ಮೀಸೆ ತೆಗೀರಿ."

ಪೋಸ್ಟ್ ಮಾಸ್ಟರು ನಿಧಾನವಾಗಿ ತಲೆಯಾಡಿಸಿದರು.

"ಪಾಪ. ಮೇಲಿನವರು ಎಷ್ಟು ಒತ್ತಡ ಹಾಕಿದಾರೋ. ಮಗಳ ಹೆಸರು ಹೇಳಿಕೊಳ್ಳೋ ಹಂತಕ್ಕೆ ಬಂದಿದೆ."

"ಒತ್ತಡ ಅಲ್ಲ ಸಾರ್! ಹೋಮ್‌ವರ್ಕು!"

"ಆಯ್ತಾಯ್ತು," ಎಂದು ಕಿರಾಣಿಯಾತ ಬೆನ್ನು ತಟ್ಟಿದ. "ನೀವು ಹೋಮ್‌ವರ್ಕ್ ಮಾಡೋ ಜನ ಅಲ್ಲ ಅಂತ ನಮಗೆ ಗೊತ್ತಿಲ್ವಾ? ನಿನ್ನೆ ತಾನೇ ನನಗೆ ಎಷ್ಟು ಚೆನ್ನಾಗಿ ಉಗಿದ್ರಿ! ಹೆದರಬೇಡಿ. ಮೆಂಬರು ಇದಾರೆ."

ಮೆಂಬರು ಗಂಭೀರವಾಗಿ, ತಾವು ಇದ್ದೇವೆ ಎಂದರು. ತಾನು ಗಮನದಲ್ಲಿಟ್ಟುಕೊಂಡದ್ದು ಒಬ್ಬ ಹುಡುಗಿಯ ಹೋಮ್‌ವರ್ಕು ಎಂದು ತಿಳಿದ ಇಂಜಿನಿಯರು ಎಲ್ಲರಿಗಿಂತ ಗಟ್ಟಿಯಾಗಿ, ಇದು ಅಧಿಕೃತ ನಕ್ಷೆಯೇ ಹೌದೆಂದು ಸಾಧಿಸಿದರು. ಮಹಡಿಯ ಕಿಟಕಿಯಿಂದ ಮಗಳು ಪಠ್ಯಪುಸ್ತಕ ಎತ್ತಿ ತೋರಿಸಿ, "ಅಂಕಲ್, ನಿಜವಾಗ್ಲೂ ಅದು ನಂದೇ!" ಎಂದು ಕೂಗಿದಳು. ದೊಡ್ಡವರು ಮಾತಾಡುವಾಗ ಮಧ್ಯೆ ಬಾಯಿ ಹಾಕಬಾರದೆಂದು ಬೀದಿಯೆಲ್ಲ ಒಟ್ಟಾಗಿ ಅವಳಿಗೆ ಬುದ್ಧಿ ಹೇಳಿತು.

ಯೋಜನೆ ಅಲ್ಲೇ ರದ್ದಾಯಿತು. ಹುಟ್ಟದೆ ಇದ್ದ ಕೂಸಿಗೆ ಅಷ್ಟು ಸಂಭ್ರಮದಿಂದ ತಿಥಿ ಮಾಡಿದ್ದನ್ನು ಯಾರೂ ಕಂಡಿರಲಿಲ್ಲ. ಮೆಂಬರಿಗೆ ಜಯಕಾರ ಹಾಕಿ ಜನ ಚದುರಲು ತೊಡಗಿದರು. ಮಾಸ್ಟರು ಬಚಾವಾದರು. ಮೀಸೆಯೂ ಬಚಾವಾಯಿತು.

ಅಜ್ಜಿ ಮಾತ್ರ ಟ್ರಂಕಿನಿಂದ ಏಳಲಿಲ್ಲ.

"ಅಜ್ಜಿ, ಎಲ್ಲ ಮುಗೀತು. ಮನೆಗೆ ಹೋಗಿ," ಎಂದರು ಇಂಜಿನಿಯರು.

"ಮುಗೀತು ಅಂತ ಬಾಯಲ್ಲಿ ಹೇಳ್ತೀರಿ. ಕಾಗದದಲ್ಲಿ ನನ್ನ ಮನೆ ಇದೆಯಾ?"

ಇಂಜಿನಿಯರು ನಕ್ಷೆಯನ್ನು ಮತ್ತೊಮ್ಮೆ ತಿರುಗಿಸಿ ನೋಡಿದರು.

"ಇಲ್ಲ ಅಲ್ವಾ? ನಾಳೆ ನೀವು ವರ್ಗವಾಗಿ ಹೋಗ್ತೀರಿ. ಇನ್ನೊಬ್ಬರು ಬಂದು ಕಾಗದ ನೋಡ್ತಾರೆ. ಇಲ್ಲಿ ಮನೆಯೇ ಇಲ್ಲವಲ್ಲ, ಈ ಮುದುಕಿ ಎಲ್ಲಿಂದ ಬಂದಳು ಅಂತಾರೆ. ನಾನು ಏಳಲ್ಲ."

ಮಾಸ್ಟರು ಮೆಟ್ಟಿಲ ಮೇಲೆ ಅವರ ಪಕ್ಕದಲ್ಲೇ ಕೂತು ತೊಡೆಯ ಮೇಲೆ ನಕ್ಷೆ ಹಾಸಿಕೊಂಡರು. "ಈಗಲೇ ಬರೀತೀನಿ ಅಜ್ಜಿ." ತಮ್ಮ ಅಂಗಡಿಯನ್ನು ಅವರು ಎಷ್ಟು ಧಾರಾಳವಾಗಿ ಬರೆದಿದ್ದರೆಂದರೆ ಕಾಗದದ ಅಂಚಿನವರೆಗೂ ಅದೇ ಇತ್ತು. ಬೋರ್ಡು, ಕನ್ನಡಿ, ಎರಡು ಯಂತ್ರ, ಎಲ್ಲಾ ಇದ್ದವು. ಮಾಸ್ಟರು ಬೋರ್ಡು ಅಳಿಸಿ ಅಜ್ಜಿಯ ಬಾಗಿಲು ಬರೆದರು.

"ನಮ್ಮ ಜಗಲಿ?"

ಒಂದು ಯಂತ್ರ ಹೋಯಿತು. ಜಗಲಿ ಬಂತು.

"ಹಿತ್ತಲಲ್ಲಿ ಬಾವಿ ಇದೆ. ನಮ್ಮೆಜಮಾನರು ತೋಡಿಸಿದ್ದು."

ಎರಡನೆಯ ಯಂತ್ರ, ಇಸ್ತ್ರಿ ಮೇಜು ಬಾವಿಯ ಪಾಲಾದವು.

"ನಿಂಬೆ ಗಿಡ?"

ಮಾಸ್ಟರು ಒಂದು ಕ್ಷಣ ಕೈ ತಡೆದರು. ಉಳಿದಿದ್ದದ್ದು ಮಹಡಿಯ ಮೆಟ್ಟಿಲು, ಕನ್ನಡಿ. ಅಜ್ಜಿ ಕಾಗದದ ಹತ್ತಿರ ಮುಖ ತಂದು, ಕಣ್ಣು ಕಿರಿದು ಮಾಡಿ, ಬೆರಳಿನಿಂದ ತಮ್ಮ ಬಾಗಿಲನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಮಾಸ್ಟರು ರಬ್ಬರು ಒತ್ತಿ ಉಜ್ಜಿದರು. ನಿಂಬೆ ಗಿಡಕ್ಕೆ ಎಲೆಯನ್ನೂ ಹಾಕಿದರು, ಎರಡು ಕಾಯನ್ನೂ ಹಾಕಿದರು.

"ಈಗ ಸರಿ," ಎಂದು ಅಜ್ಜಿ ಎದ್ದರು. ಮಾಸ್ಟರು ಟ್ರಂಕನ್ನು ಹೊತ್ತು ಅವರ ಮನೆಗೆ ಮುಟ್ಟಿಸಿ ಬಂದರು. ಅಷ್ಟರಲ್ಲಿ ಇಂಜಿನಿಯರು ತಿದ್ದಿದ ನಕ್ಷೆಯ ಫೋಟೋ ಹೊಡೆದುಕೊಂಡು ಹೊರಟುಹೋಗಿದ್ದರು. ಈ ಬೀದಿಯ ನಕ್ಷೆ ಪುರಸಭೆಯಲ್ಲಿ ಈವರೆಗೆ ಇರಲೇ ಇಲ್ಲವಂತೆ.

ಮಗಳು ನಕ್ಷೆಗೆ ಬಣ್ಣ ಹಾಕಿ, ಜನ ಹೇಗೆ ಬದುಕುತ್ತಾರೆ ಎಂಬ ವರದಿಯಲ್ಲಿ ಭಾನುವಾರ ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಬರೆದಳು. ಮೆಂಬರು ಶಾಸಕಾಂಗ, ಇಂಜಿನಿಯರು ಕಾರ್ಯಾಂಗ, ತಮ್ಮಮ್ಮ ನ್ಯಾಯಾಂಗ ಎಂದು ವಿಂಗಡಿಸಿದಳು. ಅಪ್ಪನನ್ನು ಯಾವ ಅಂಗಕ್ಕೆ ಸೇರಿಸುವುದೆಂದು ತಿಳಿಯದೆ ಪ್ರಜೆ ಎಂದು ಬರೆದಳು. ಸೋಷಿಯಲ್ ಮೇಡಂ ಓದುತ್ತ ಓದುತ್ತ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರಂತೆ. ನಕ್ಕು ಬಂದ ನೀರೆಂದು ಮಗಳು ಹೇಳಿದಳು. ಕೆಳಗೆ ಕೆಂಪು ಶಾಯಿಯಲ್ಲಿ ಬರೆದಿದ್ದರು: 'ನಕ್ಷೆಗೆ ಪ್ರಮಾಣವೂ ಇಲ್ಲ, ದಿಕ್ಕೂ ಇಲ್ಲ. ನಿಂಬೆ ಗಿಡ ದೀಪದ ಕಂಬಕ್ಕಿಂತ ಎತ್ತರವಿದೆ. ಆದರೆ ಪಾಠ ಅರ್ಥವಾಗಿದೆ.'

ಕಥೆ ಇಲ್ಲಿಗೇ ಮುಗಿದಿದ್ದರೆ ಮಾಸ್ಟರಿಗೆ ನೆಮ್ಮದಿಯಿರುತ್ತಿತ್ತು. ಕೆಲವು ತಿಂಗಳು ಕಳೆದ ಮೇಲೆ ಪುರಸಭೆಯಿಂದ ಇಬ್ಬರು ಬಂದು ಮನೆಮನೆಗೂ ಹೊಸ ನಂಬರಿನ ತಗಡು ಹೊಡೆಯತೊಡಗಿದರು. ಮೂಲೆಮನೆಗೆ ಹೊಡೆದರು. ಟೈಲರಂಗಡಿಯನ್ನು ದಾಟಿ ಆಚೆ ಮನೆಗೆ ಹೋದರು.

"ಏಯ್, ನಮ್ಮದು ಬಿಟ್ರಲ್ಲಪ್ಪ!"

ಸುತ್ತಿಗೆಯವನು ಕೈಯಲ್ಲಿದ್ದ ಹಾಳೆ ನೋಡಿದ. "ನಿಮ್ಮದು ಇಲ್ಲ ಸಾರ್. ನಕ್ಷೆ ಪ್ರಕಾರ ಇಲ್ಲಿ ನಿಂಬೆ ಗಿಡ ಇದೆ."

"ನಾನು ಬಾಗಿಲಲ್ಲೇ ನಿಂತಿದೀನಲ್ಲಯ್ಯ!"

"ನೀವು ನಿಂತಿರಬಹುದು ಸಾರ್. ಬಾಗಿಲು ಇಲ್ಲ."

ಮಾಸ್ಟರು ಪುರಸಭೆಗೆ ಓಡಿದರು. ಅಲ್ಲಿನ ಗುಮಾಸ್ತ ನಕ್ಷೆ ತೆಗೆದು ಮೇಜಿನ ಮೇಲಿಟ್ಟ. "ಇದನ್ನ ಬರೆದವರು ಯಾರು?"

"ನಾನೇ."

"ಅಂದ್ರೆ ನೀವು ಅಲ್ಲಿಲ್ಲ ಅಂತ ನೀವೇ ಬರೆದುಕೊಟ್ಟಿದೀರ. ಈಗ ಇದೀನಿ ಅಂದ್ರೆ ನಾವು ಯಾವುದನ್ನ ನಂಬೋದು? ಬೇರೆ ಯಾರಾದ್ರೂ ಬಂದು ಸಾಕ್ಷಿ ಹೇಳಲಿ."

ಮರುದಿನ ಸಾಕ್ಷಿ ಹೇಳಲು ಹೊರಟವರು ಮೂಲೆಮನೆ ಅಜ್ಜಿ. ಮಾಸ್ಟರ ತೋಳು ಹಿಡಿದುಕೊಂಡು ಪುರಸಭೆಯ ಮೆಟ್ಟಿಲು ಹತ್ತಿದರು. ಗುಮಾಸ್ತ ಇಬ್ಬರನ್ನೂ ಕೂರಿಸಿದ.

"ಅಜ್ಜಿ, ನಿಮಗೆ ಕಣ್ಣು ಸರಿಯಾಗಿ ಕಾಣಲ್ಲ ಅಂತಾರೆ. ಪಕ್ಕದಲ್ಲಿ ಇವರ ಮನೆ ಇದೆ, ಅದರಲ್ಲಿ ಇವರು ಇದಾರೆ ಅಂತ ನಿಮಗೆ ಹೇಗೆ ಗೊತ್ತು?"

"ಕಣ್ಣು ಯಾಕಪ್ಪ ಬೇಕು? ಬೆಳಗಾದ್ರೆ ಇವನ ಹೆಂಡತಿ ಇವನನ್ನ ಬಯ್ಯೋದು ನಮ್ಮ ಗೋಡೆ ದಾಟಿ ಕೇಳುತ್ತೆ. ಇಲ್ಲದೆ ಇರೋ ಗಂಡನನ್ನ ಯಾರಾದ್ರೂ ಅಷ್ಟು ಬಯ್ತಾರಾ?"

ಗುಮಾಸ್ತ ಮದುವೆಯಾದವನೇ ಇರಬೇಕು. ಕೂಡಲೇ ಮೊಹರು ಒತ್ತಿದ.